ಆಫೀಸು ಬಿಟ್ಟ ಮೇಲೆ: ಸೈಕಲ್ ಸವಾರಿಯೂ ಹಂಚಿನ ಮಾಡೂ

ನಾವು ಸೈಕಲ್ ಮೇಲೆ ಕೊಂಕಣದ ಕರಾವಳಿಯನ್ನು ಸುತ್ತಿ ಬಂದೆವೆಂದರೆ ಸಂಘದ ಸದಸ್ಯರು ನಂಬಲಿಕ್ಕಿಲ್ಲ. ಹೋದ ವಾರ್ಷಿಕೋತ್ಸವದ ದಿನ ಮೂರನೆಯ ಮಹಡಿಯ ಸಭಾಗೃಹಕ್ಕೆ ಏರುವಷ್ಟರಲ್ಲಿ ಎರಡು ಕಡೆ ಕುಳಿತು ಸುಧಾರಿಸಿಕೊಂಡವರು ನಾವೇ ಎಂಬುದನ್ನು ಅವರು ಇನ್ನೂ ಮರೆತಿಲ್ಲ. ಇಲ್ಲಿ 'ನಾವು' ಎಂದರೆ ಒಬ್ಬರೇ. ಮೂವತ್ತಾರು ವರ್ಷದ, ಬಿ.ಎ. ಓದಿದ, ಸರಕಾರಿ ಕಚೇರಿಯ ಗುಮಾಸ್ತರು. ಪಗಾರದ ಪಟ್ಟಿಯಲ್ಲಿ ಏಕವಚನವೇ ಆದರೂ ಅಂಕಣದಲ್ಲಿ ಬಹುವಚನ ಬಳಸಲು ಸಂಪಾದಕರು ಈವರೆಗೆ ಅಡ್ಡಿ ಮಾಡಿಲ್ಲ.

ಈ ಸಾಹಸಕ್ಕೆ ಕಾರಣ ಎರಡು. ಮೊದಲನೆಯದು ಡಾಕ್ಟರರ ಚೀಟಿ. "ಸಕ್ಕರೆ ಕಾಯಿಲೆ ನಿಮ್ಮ ಮನೆಯ ಹೊಸ್ತಿಲ ತನಕ ಬಂದಿದೆ, ಒಳಗೆ ಕರೆಯುವುದೂ ಬಿಡುವುದೂ ನಿಮಗೆ ಸೇರಿದ್ದು" ಎಂದು ಅವರು ಹೇಳಿದರು. ಎರಡನೆಯದು ನಮ್ಮ ಮೇಜಿನ ಖಾನೆಯಲ್ಲಿ ಮೂರು ತಿಂಗಳಿಂದ ಮಲಗಿದ್ದ ಒಂದು ಕಾಗದ. ಹೊನ್ನಾವರದಿಂದ ದೊಡ್ಡಪ್ಪನ ಮಗ, ನಮ್ಮ ಅಣ್ಣ, ಕಳಿಸಿದ್ದು. ಊರ ಹಳೆಯ ಮನೆಯ ಮಾಡು ಕೂತಿದೆ, ಒಳಗೆ ಯಾರೂ ಇಲ್ಲ, ಕೊಳ್ಳುವವರು ಬಂದಿದ್ದಾರೆ, ಎಲ್ಲರೂ ಸಹಿ ಹಾಕಿದರೆ ಮಾರಿಬಿಡೋಣ ಎಂಬುದು ಅದರ ತಾತ್ಪರ್ಯ. ನಮ್ಮೊಡನೆ ಬಾಂದ್ರಾದ ಗವರ್ನಮೆಂಟ್ ಕಾಲನಿಯ ಕ್ವಾರ್ಟರ್ಸಿನಲ್ಲಿರುವ ಅಪ್ಪಯ್ಯ ಕಾಗದ ಬಂದ ಮೂರನೆಯ ದಿನವೇ, ಒಂದು ಮಾತೂ ಆಡದೆ, ತಮ್ಮ ಸಹಿ ಹಾಕಿ ನಮ್ಮ ಕೈಗೆ ಕೊಟ್ಟಿದ್ದರು. ಬಾಕಿ ಇದ್ದುದು ನಮ್ಮದು. ಕಚೇರಿಯಲ್ಲಿ ತೀರ್ಮಾನ ತೋಚದ ಕಡತವನ್ನು ಏನು ಮಾಡುತ್ತೇವೋ ಇದನ್ನೂ ಅದನ್ನೇ ಮಾಡಿದೆವು. ಬೇರೆ ಕಡತಗಳ ಅಡಿಗೆ ಸೇರಿಸಿದೆವು.

ಅಷ್ಟರಲ್ಲಿ ಸಹೋದ್ಯೋಗಿಯೊಬ್ಬರು ಸುದ್ದಿ ತಂದರು. ಜನವರಿಯಲ್ಲಿ ಮಾಂಡವಾದಿಂದ ರತ್ನಾಗಿರಿಯವರೆಗೆ, ಕಡಲ ಅಂಚಿನ ದಾರಿಯಲ್ಲಿ, ಐದು ದಿನದ ಸೈಕಲ್ ಪ್ರವಾಸವಿದೆ. ದಾರಿ ತೋರಿಸಲು ನಾಯಕನೊಬ್ಬ, ಸಾಮಾನು ಹೊರಲು ಟೆಂಪೊ, ರಾತ್ರಿ ತಂಗಲು ಹಳ್ಳಿಯ ಮನೆಗಳು. ಹಣ ಕಟ್ಟಿದೆವು. ಮನೆಯಲ್ಲಿ ತಿಳಿಸಿದಾಗ ನಮ್ಮಾಕೆ, "ಏನ್ರೀ, ಸ್ಟೇಷನ್ನಿಗೆ ರಿಕ್ಷಾ ಇಲ್ಲದೆ ಹೋಗದವರು ರತ್ನಾಗಿರಿಗೆ ಸೈಕಲ್ಲಿನಲ್ಲಿ ಹೋಗ್ತೀರಾ?" ಎಂದು ಕೇಳಿದಳು. ಅಪ್ಪಯ್ಯ ಪತ್ರಿಕೆಯಿಂದ ತಲೆ ಎತ್ತದೆ, "ಹೋಗಲಿ ಬಿಡು. ಅವನ ಅಜ್ಜ ಬಂದದ್ದೂ ಅದೇ ದಾರಿಯಲ್ಲೇ, ಹಡಗಿನ ಮೇಲಿಂದ" ಎಂದರು.

ಒಂದು ತಿಂಗಳು ಅಭ್ಯಾಸ ನಡೆಯಿತು. ಬೆಳಗಿನ ಐದೂವರೆಗೆ ಕಾರ್ಟರ್ ರೋಡಿನಿಂದ ಖಾರ್ ದಾಂಡಾ, ಅಲ್ಲಿಂದ ಜುಹೂ, ಮತ್ತೆ ಹಿಂದಕ್ಕೆ. ನಮ್ಮ ಬಾಂದ್ರಾದಿಂದ ಕಡಲ ಮೇಲೆಯೇ ವರಳಿಗೆ ಹೋಗುವ ಸೇತುವೆಯೊಂದು 2009ರಿಂದ ಇದೆಯಷ್ಟೆ. ಅದರ ಬುಡದಲ್ಲೇ ವಾಸವಾಗಿದ್ದರೂ ಸೈಕಲ್ಲಿಗೆ ಅಲ್ಲಿ ಪ್ರವೇಶವಿಲ್ಲ. ಆದ್ದರಿಂದ ಹೊರಡುವ ದಿನ ಮಾಹಿಮ್, ದಾದರ್, ಪರೇಲ್ ಎಂದು ಬೀದಿ ಬೀದಿ ಹಾದು ಭಾವೂಚಾ ಧಕ್ಕಾ ಮುಟ್ಟಿದೆವು. 2020ರಲ್ಲಿ ಆರಂಭವಾದ ದೊಡ್ಡ ಫೆರಿ ಅಲ್ಲಿಂದ ಕಾರು, ಸೈಕಲ್ಲು, ಮನುಷ್ಯರನ್ನೆಲ್ಲ ತುಂಬಿಕೊಂಡು ಸುಮಾರು ಒಂದು ತಾಸಿನಲ್ಲಿ ಆಚೆಯ ಮಾಂಡವಾಕ್ಕೆ ಮುಟ್ಟಿಸುತ್ತದೆ.

ಧಕ್ಕೆಯ ಮೇಲೆ ನಿಂತಾಗ ಅಜ್ಜನ ನೆನಪಾಯಿತು. 1951ರಲ್ಲಿ, ಹದಿನೆಂಟನೆಯ ವಯಸ್ಸಿಗೆ, ಅಜ್ಜ ಹೊನ್ನಾವರದಿಂದ ಹೊರಟದ್ದು. ಆಗ ಉತ್ತರ ಕನ್ನಡ ಜಿಲ್ಲೆ ಮುಂಬಯಿ ಪ್ರಾಂತಕ್ಕೇ ಸೇರಿತ್ತು. ಮೈಸೂರು ರಾಜ್ಯಕ್ಕೆ ಬಂದದ್ದು 1956ರ ನವೆಂಬರ್ 1ರಂದು. ರೈಲಿಲ್ಲ, ಸರಿಯಾದ ರಸ್ತೆಯಿಲ್ಲ. ಮಳೆಗಾಲದಲ್ಲಿ ಹಡಗೂ ಇಲ್ಲ. ಮಚವೆಯಲ್ಲಿ ಕುಳಿತು ಆಳ ನೀರಿಗೆ ಹೋಗಿ, ಅಲ್ಲಿ ನಿಂತಿದ್ದ ಆಗಬೋಟಿಗೆ ಏಣಿ ಹತ್ತಬೇಕು. ಅಜ್ಜನ ಬಳಿ ಇದ್ದುದು ಒಂದು ತಗಡಿನ ಪೆಟ್ಟಿಗೆ, ಅರ್ಧ ಚೀಲ ಅವಲಕ್ಕಿ. ಹಡಗಿನಿಂದ ಇಳಿದವರೇ ಮೊದಲು ಕೇಳಿದ ಪ್ರಶ್ನೆ, "ಇಲ್ಲಿ ಕನ್ನಡ ಮಾತಾಡುವವರು ಯಾವ ಕಡೆ ಸಿಗುತ್ತಾರೆ?" ಎಂದಂತೆ. ಈ ಪ್ರಶ್ನೆಗೆ ಉತ್ತರವಾಗಿಯೇ ಅಲ್ಲವೆ ನಮ್ಮ ಸಂಘಗಳೆಲ್ಲ ಹುಟ್ಟಿದ್ದು?

ಇನ್ನು ಸವಾರಿಯ ವಿಷಯ. ನಕಾಶೆಯಲ್ಲಿ ನೋಡಿದರೆ ಕರಾವಳಿಯ ದಾರಿ ಎಷ್ಟು ಸುಲಭ! ಎಡಕ್ಕೆ ಬೆಟ್ಟ, ಬಲಕ್ಕೆ ಕಡಲು, ನಡುವೆ ಮಟ್ಟಸವಾದ ರಸ್ತೆ ಎಂದು ನಾವು ಭಾವಿಸಿದ್ದೆವು. ಕೊಂಕಣ ಹಾಗಿಲ್ಲ. ಸಹ್ಯಾದ್ರಿ ಇಲ್ಲಿ ಕಡಲಿಗೆ ತೀರ ಹತ್ತಿರ. ಅದರಿಂದ ಇಳಿದ ಹೊಳೆಯೊಂದೊಂದೂ ಸಮುದ್ರ ಸೇರುವಲ್ಲಿ ಅಗಲವಾದ ಖಾಡಿಯನ್ನು ಮಾಡಿದೆ. ನಮ್ಮ ಕಡೆ ಅಳಿವೆ ಎನ್ನುತ್ತೇವಲ್ಲ, ಅದೇ. ಎರಡು ಖಾಡಿಗಳ ನಡುವೆ ಕೆಂಪು ಚಿರೆಕಲ್ಲಿನ ಬೋಳು ಹಾಸು, ಅದಕ್ಕೆ ಮರಾಠಿಯಲ್ಲಿ ಸಡಾ ಎಂದು ಹೆಸರು. ರಸ್ತೆ ಮೀನುಗಾರರ ಹಳ್ಳಿಯಿಂದ ಸಡೆಯ ನೆತ್ತಿಗೆ ಏರುತ್ತದೆ, ಮರವಿಲ್ಲದ ಬಿಸಿಲಿನಲ್ಲಿ ಒಂದಿಷ್ಟು ಓಡುತ್ತದೆ, ಇನ್ನೊಂದು ಹಳ್ಳಿಯ ತೆಂಗಿನ ತೋಟಕ್ಕೆ ಧುಮುಕುತ್ತದೆ, ಮತ್ತೆ ಏರುತ್ತದೆ. ಐದು ದಿನದಲ್ಲಿ ನಾವು ತುಳಿದದ್ದು ಸುಮಾರು 340 ಕಿಲೋಮೀಟರು. ಅದರಲ್ಲಿ ಅರ್ಧ ಏರು ಎಂದು ನಮ್ಮ ಮೊಣಕಾಲು ಈಗಲೂ ಸಾಕ್ಷಿ ಹೇಳುತ್ತದೆ.

ತಂಡದಲ್ಲಿ ಹದಿನಾಲ್ಕು ಮಂದಿ. ನಾಯಕ ಇಪ್ಪತ್ತಾರರ ಹುಡುಗ, ರತ್ನಾಗಿರಿ ಜಿಲ್ಲೆಯವನು. ಮೊದಲ ಏರಿನ ಬುಡದಲ್ಲೇ ಅವನು ಪಾಠ ಹೇಳಿದ. ಏರು ಆರಂಭವಾಗುವ ಮುಂಚೆಯೇ ಗೇರು ಹಗುರ ಮಾಡಿಕೊಳ್ಳಬೇಕು, ಕಾಲು ಸೋತ ಮೇಲೆ ಬದಲಾಯಿಸಹೋದರೆ ಚೈನು ಕಳಚುತ್ತದೆ. ಇಳಿಜಾರಿನಲ್ಲಿ ಎರಡೂ ಬ್ರೇಕು ಬಳಸಬೇಕು, ಒತ್ತಿ ಬಿಟ್ಟು ಒತ್ತಿ ಬಿಟ್ಟು. ಬಾಯಾರುವ ಮೊದಲೇ ನೀರು ಕುಡಿಯಬೇಕು. ತಂಡದ ಕೊನೆಯವನನ್ನು ಹಿಂದಿಕ್ಕಿ ಯಾರೂ ಉಳಿಯಬಾರದು, ಆ ಕೊನೆಯವನು ನಾಯಕನ ಸಹಾಯಕ. ಐದು ದಿನವೂ ಆ ಸಹಾಯಕನ ಆಪ್ತ ಸ್ನೇಹಿತರಾಗಿದ್ದವರು ಯಾರೆಂದು ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮುಂದೆ ಹೋದವರಲ್ಲಿ ಅರವತ್ತು ದಾಟಿದ ನಿವೃತ್ತ ಶಿಕ್ಷಕಿಯೊಬ್ಬರಿದ್ದರು. ಪ್ರತಿಯೊಂದು ಏರಿನ ತುದಿಯಲ್ಲೂ ಅವರು ಬಾಳೆಹಣ್ಣು ಸುಲಿದು ಹಿಡಿದುಕೊಂಡು, ತಡವಾಗಿ ಬಂದ ವಿದ್ಯಾರ್ಥಿಯನ್ನು ನೋಡುವಂತೆ ನಮ್ಮನ್ನು ನೋಡುತ್ತಿದ್ದರು.

ಮೊದಲ ದಿನ ಅಲಿಬಾಗ್, ರೇವದಂಡಾ, ಕಾಶೀದ್ ದಾಟಿ ಮುರೂಡ್. ನೀರ ನಡುವೆ ನಿಂತ ಜಂಜೀರಾ ಕೋಟೆ ಶಿವಾಜಿ ಮಹಾರಾಜರಿಗೂ ವಶವಾಗದೆ ಉಳಿದದ್ದೆಂದು ಶಾಲೆಯಲ್ಲಿ ಓದಿದ್ದೆವು. ಅದನ್ನು ಆಳಿದ ಸಿದ್ದಿಗಳ ಮೂಲ ಆಫ್ರಿಕಾ. ನಮ್ಮ ಯಲ್ಲಾಪುರ, ಹಳಿಯಾಳ, ಅಂಕೋಲೆಗಳ ಕಾಡಿನ ಸಿದ್ದಿಗಳ ಮೂಲವೂ ಅದೇ ಖಂಡ. ಇಲ್ಲಿ ಅವರು ಅರಸರಾದರು. ಅಲ್ಲಿ ಕೂಲಿಯವರಾಗಿ ಬಹುಕಾಲ ಕಷ್ಟಪಟ್ಟರು. ಒಂದೇ ಕಡಲು ಒಬ್ಬೊಬ್ಬರನ್ನು ಒಂದೊಂದು ರೀತಿಯಲ್ಲಿ ದಡ ಮುಟ್ಟಿಸುತ್ತದೆ.

ಎರಡನೆಯ ದಿನ ಆಗರದಾಂಡಾದಲ್ಲಿ ಫೆರಿ ಹತ್ತಿ ದಿಘಿಗೆ. ದಿವೇಆಗರ, ಪೇಶ್ವೆ ಬಾಳಾಜಿ ವಿಶ್ವನಾಥರ ಶ್ರೀವರ್ಧನ, ರಾತ್ರಿ ಹರಿಹರೇಶ್ವರ. ಮೂರನೆಯ ಬೆಳಿಗ್ಗೆ ಬಾಗಮಾಂಡಲಾದಲ್ಲಿ ಮತ್ತೆ ಫೆರಿ. ಇಲ್ಲಿ ದಾಟಬೇಕಾದದ್ದು ಸಾವಿತ್ರಿ ನದಿ. ಸಾವಿತ್ರಿ ಹುಟ್ಟುವುದು ಮಹಾಬಳೇಶ್ವರದಲ್ಲಿ. ಕೃಷ್ಣೆ ಹುಟ್ಟುವುದೂ ಅಲ್ಲಿಯೇ. ಒಬ್ಬಳು ಪಶ್ಚಿಮಕ್ಕೆ ಜಿಗಿದು ಬೇಗನೆ ಕಡಲು ಸೇರಿದಳು. ಇನ್ನೊಬ್ಬಳು ಪೂರ್ವಕ್ಕೆ ತಿರುಗಿ ನಮ್ಮ ಬಾಗಲಕೋಟೆ, ರಾಯಚೂರುಗಳ ಹೊಲಕ್ಕೆಲ್ಲ ನೀರು ಕೊಟ್ಟು ನಿಧಾನವಾಗಿ ಹೋಗುತ್ತಾಳೆ. ಫೆರಿಯ ಕಟಕಟೆಗೆ ಸೈಕಲ್ ಒರಗಿಸಿ ಇದನ್ನು ನಾಯಕನಿಗೆ ಹೇಳಿದೆವು. ಅವನು, "ಸಾಹೇಬರೇ, ನಿಮ್ಮ ಸವಾರಿ ಕೃಷ್ಣೆಯ ಜಾತಿ" ಎಂದ.

ಆ ಮಧ್ಯಾಹ್ನದ ಸಂಗತಿಯೇ ಈ ಲೇಖನ ಬರೆಯಲು ಕಾರಣ.

ವೇಶ್ವಿಯಿಂದ ಮುಂದೆ ಕೆಳಶಿಯ ಕಡೆಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ ಊಟಕ್ಕೆ ಇಳಿದೆವು. ಹಳ್ಳಿಯ ಓಣಿಯೊಳಗೆ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದಾಗ ಎರಡೂ ಬದಿಯ ಮನೆಗಳನ್ನು ನೋಡಿ ನಮಗೆ ಒಂದು ಕ್ಷಣ ಎಲ್ಲಿದ್ದೇವೆಂಬುದೇ ಮರೆಯಿತು. ಚಿರೆಕಲ್ಲಿನ ಗೋಡೆ, ಮುಂದೆ ಜಗಲಿ, ಅಂಗಳದಲ್ಲಿ ತುಳಸಿಕಟ್ಟೆ, ಹಿತ್ತಲಲ್ಲಿ ಅಡಕೆ, ತೆಂಗು, ಮುರುಗಲ ಮರ. ಮೇಲೆ ಕೆಂಪು ಹಂಚು. ಈ ಹಂಚಿಗೆ ಇಲ್ಲಿಯವರ ಹೆಸರೇನು ಗೊತ್ತೆ? ಮಂಗಲೋರೀ ಕೌಲ! 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆಗೆದ ಮೇಲೆ ಆ ಹಂಚು ಹಡಗೇರಿ ಈ ಕರಾವಳಿಯುದ್ದಕ್ಕೂ ಬಂತು. ಅಜ್ಜನಿಗಿಂತ ಎಷ್ಟೋ ಮೊದಲೇ ನಮ್ಮ ಮಣ್ಣು ಈ ದಾರಿಯಲ್ಲಿ ವಲಸೆ ಬಂದು, ಇಲ್ಲಿಯ ಮನೆಗಳ ತಲೆಯ ಮೇಲೆ ಕೂತಿತ್ತು.

ಹತ್ತಿರ ಹೋಗಿ ನೋಡಿದರೆ ಮನೆಗಳಿಗೆ ಬೀಗ. ಒಂದಕ್ಕಲ್ಲ, ಎರಡಕ್ಕಲ್ಲ, ಓಣಿಯಲ್ಲಿ ಹನ್ನೊಂದು ಮನೆ ಎಣಿಸಿದೆವು, ಏಳಕ್ಕೆ ಬೀಗ. ನಮ್ಮ ಮುಂಬಯಿಯ ಬಟ್ಟೆ ಗಿರಣಿಗಳು ನಡೆದದ್ದು ಬಹುಪಾಲು ರತ್ನಾಗಿರಿ ಜಿಲ್ಲೆಯ ಜನರ ದುಡಿಮೆಯಿಂದ. ಗಂಡಸರು ಪರೇಲಿನಲ್ಲಿ, ಲಾಲ್‌ಬಾಗಿನಲ್ಲಿ. ಮನೆಗೆ ತಿಂಗಳಿಗೊಂದು ಮನಿಆರ್ಡರು. ಅವರಿಗೆ ಚಾಕರಮಾನಿ ಎಂದು ಹೆಸರು. 1982ರ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದರೂ ಊರಿಗೆ ಹಿಂದಿರುಗಿದವರು ಕಡಿಮೆ. ಗಣಪತಿ ಹಬ್ಬಕ್ಕೆ ರೈಲು, ಬಸ್ಸು ತುಂಬಿ ಬರುತ್ತಾರೆ, ಬಾಗಿಲು ತೆಗೆಯುತ್ತಾರೆ, ಮೋದಕ ಮಾಡುತ್ತಾರೆ, ವಿಸರ್ಜನೆಯಾದ ಮೇಲೆ ಮತ್ತೆ ಬೀಗ.

ನಮಗೆ ಊಟ ಬಡಿಸಿದವರು ಎಪ್ಪತ್ತರ ಹತ್ತಿರದ ಒಬ್ಬ ಕಾಕೂ. ಅನ್ನ, ಹುರುಳಿಯ ಪಲ್ಯ, ಸೋಲಕಡಿ. ಮುರುಗಲ ಹುಳಿಗೆ ತೆಂಗಿನ ಹಾಲು ಸೇರಿಸಿದ ಆ ಕಡಿ ಬಾಯಿಗೆ ಬಿದ್ದಾಗ ನಮ್ಮ ಅಜ್ಜಿಯ ಕೈರುಚಿ ನೆನಪಾಯಿತು. ಕೈ ತೊಳೆಯಲು ಎದ್ದಾಗ ಕಂಬದ ಮೊಳೆಗೆ ತೂಗಿಹಾಕಿದ ಬೀಗದಕೈಗಳ ಗೊಂಚಲು ಕಣ್ಣಿಗೆ ಬಿತ್ತು. ಒಂದೊಂದಕ್ಕೂ ರಟ್ಟಿನ ಚೀಟಿ ಕಟ್ಟಿದೆ. ಅದರ ಮೇಲೆ ಹೆಸರಿಲ್ಲ, ಊರು ಬರೆದಿದೆ: ಬೋರಿವಲಿ, ಡೊಂಬಿವಲಿ, ಲಾಲ್‌ಬಾಗ್, ವಿರಾರ್.

"ಇದೇನು ಕಾಕೂ?" ಎಂದು ಮರಾಠಿಯಲ್ಲಿ ಕೇಳಿದೆವು.

"ಇವರ ಮನೆಗಳೆಲ್ಲ ನನ್ನ ಪಾಲಿಗೆ ಬಿದ್ದಿವೆ ಬಾಬಾ. ಹುಣ್ಣಿಮೆಗೊಮ್ಮೆ ತೆಗೆದು ಗುಡಿಸಿ, ದೀಪ ಹಚ್ಚಿ ಬರುತ್ತೇನೆ. ಒಳಗೆ ಮನುಷ್ಯರ ಓಡಾಟ ಇಲ್ಲದಿದ್ದರೆ ಗೆದ್ದಲು ಒಳಗೆ ಓಡಾಡುತ್ತದೆ. ಒಂದು ಹಂಚು ಜಾರಿದ್ದು ಆ ದಿನವೇ ಕಂಡರೆ ಒಂದು ಹಂಚಿನ ಖರ್ಚು. ಎರಡು ಮಳೆಗಾಲ ಕಾಣದೆ ಹೋದರೆ ಇಡೀ ಮಾಡಿನ ಖರ್ಚು."

ನಾವು ಯಾವ ಊರಿನವರು ಎಂದು ಕೇಳಿದರು. ಬಾಂದ್ರಾ ಎಂದೆವು. "ಅದು ನೌಕರಿಯ ಊರು. ನಿಮ್ಮ ಊರು?" ಎಂದರು. ಹೊನ್ನಾವರ, ಗೋವಾದಿಂದ ಆಚೆ, ಇದೇ ಕಡಲಿನ ದಡದಲ್ಲಿ ಎಂದೆವು. ಅಲ್ಲಿ ಮನೆಯಿದೆಯೇ ಎಂದರು. ಇದೆ, ಬೀಗ ಹಾಕಿದೆ ಎಂದೆವು.

"ಬೀಗದಕೈ ಯಾರ ಬಳಿ ಇದೆ?"

ಅಣ್ಣನ ಬಳಿ ಇರಬೇಕು ಎಂದು ನಾವು ಹೇಳಿದ್ದು ನಿಜ. ಆದರೆ ಆ 'ಇರಬೇಕು' ಎಂಬ ಮಾತು ನಮಗೇ ಚುಚ್ಚಿತು. ಆ ಬಾಗಿಲು ಯಾವಾಗ ತೆಗೆದಿದ್ದರು, ಯಾರು ತೆಗೆದಿದ್ದರು, ಒಳಗೆ ಏನು ಉಳಿದಿದೆ, ಯಾವುದೂ ನಮಗೆ ತಿಳಿಯದು. ನಾವು ಅಲ್ಲಿ ಕಾಲಿಟ್ಟು ಒಂಬತ್ತು ವರ್ಷ. ಈಗಿರುವ ಕ್ವಾರ್ಟರ್ಸ್ ಸರಕಾರದ್ದು. ನಿವೃತ್ತಿಯಾದ ಮೇಲೆ ಅದರ ಬೀಗದಕೈಯನ್ನೂ ಕಚೇರಿಗೆ ಒಪ್ಪಿಸತಕ್ಕದ್ದೇ. ಅಲ್ಲಿಗೆ ನಮ್ಮದೆನ್ನುವ ಬೀಗದಕೈ ಜಗತ್ತಿನಲ್ಲಿ ಎಷ್ಟು ಎಂದು ಮುಂದಿನ ಏರಿನುದ್ದಕ್ಕೂ ಲೆಕ್ಕ ಹಾಕಿದೆವು. ಲೆಕ್ಕದ ಭರದಲ್ಲಿ ಗೇರು ಬದಲಾಯಿಸುವುದು ಮರೆತು ಚೈನು ಕಳಚಿತು.

ನಾಲ್ಕನೆಯ ದಿನ ದಾಪೋಲಿ ತಾಲೂಕಿನ ಮುರೂಡಿನಿಂದ ಹೊರಟೆವು. ಇದು ಮಹರ್ಷಿ ಧೋಂಡೋ ಕೇಶವ ಕರ್ವೆಯವರ ಊರು. ಹುಡುಗನಾಗಿದ್ದಾಗ ಅವರು ಪರೀಕ್ಷೆ ಕಟ್ಟಲು ಇಲ್ಲಿಂದ ಸಹ್ಯಾದ್ರಿಯ ಘಟ್ಟ ಹತ್ತಿ ಸಾತಾರೆಗೆ ನಡೆದೇ ಹೋದರು. ಅಲ್ಲಿ ಅವರನ್ನು ನೋಡಿದ ಅಧಿಕಾರಿ, ವಯಸ್ಸು ಸಾಲದಂತೆ ಕಾಣುತ್ತದೆ ಎಂದು ಹಿಂದಕ್ಕೆ ಕಳಿಸಿದರು. ಗುಮಾಸ್ತರಾದ ನಮಗೆ ಈ ಕತೆ ಕೇಳುವಾಗ ಸ್ವಲ್ಪ ನಾಚಿಕೆಯಾಗುತ್ತದೆ. ಹೆಣ್ಣುಮಕ್ಕಳ ವಿದ್ಯೆಗಾಗಿ ಅಷ್ಟೆಲ್ಲ ದುಡಿದ ಕರ್ವೆಯವರಿಗೆ 1958ರಲ್ಲಿ, ನೂರು ತುಂಬಿದ ವರ್ಷ, ಭಾರತರತ್ನ ಬಂತು. ನಡೆದವರು ಗಟ್ಟಿಯಾಗಿ ಬಾಳುತ್ತಾರೆ ಎಂದು ನಮ್ಮ ಡಾಕ್ಟರರಿಗೆ ಹೇಳಬೇಕು.

ದಾಭೋಳದಲ್ಲಿ ವಾಶಿಷ್ಠಿ, ತವಸಾಳದಲ್ಲಿ ಶಾಸ್ತ್ರಿ: ಇನ್ನೆರಡು ನದಿಗಳನ್ನು ಫೆರಿಯಲ್ಲಿ ದಾಟಿದೆವು. ರೇವಸದಿಂದ ರೆಡ್ಡಿಯವರೆಗೆ ಕರಾವಳಿಯ ಹೆದ್ದಾರಿಯಾಗಲಿದ್ದು ಈ ಖಾಡಿಗಳ ಮೇಲೆಲ್ಲ ಸೇತುವೆ ಕಟ್ಟುವ ಯೋಜನೆಯಿದೆ. ಒಳ್ಳೆಯದೇ. ರಾತ್ರಿ ಹೊತ್ತು ಹೆರಿಗೆ ನೋವಿನ ಹೆಂಗಸನ್ನು ಆಸ್ಪತ್ರೆಗೆ ಒಯ್ಯುವವನಿಗೆ ಫೆರಿಯ ಸೊಬಗಿನ ಗೊಡವೆ ಇರುವುದಿಲ್ಲ. ಆದರೂ ಮೀನುಬುಟ್ಟಿಯ ಹೆಂಗಸು, ಮೋಟಾರುಬೈಕಿನ ಮೇಷ್ಟರು, ನಾವು, ಎಲ್ಲರೂ ಒಂದೇ ಹಲಗೆಯ ಮೇಲೆ ಹತ್ತು ನಿಮಿಷ ಸುಮ್ಮನೆ ನಿಲ್ಲುವ ಆ ಸುಖ ಸೇತುವೆಯ ಮೇಲೆ ಸಿಗಲಾರದು.

ಕೊನೆಯ ದಿನ ಜಯಗಡ, ಮಾಲಗುಂಡ, ಗಣಪತಿಪುಳೆ. ಮಾಲಗುಂಡದಲ್ಲಿ ಹೊಸ ಮರಾಠಿ ಕಾವ್ಯಕ್ಕೆ ದಾರಿ ಹಾಕಿದ ಕೇಶವಸುತರು ಹುಟ್ಟಿದ ಮನೆಯನ್ನು ಸ್ಮಾರಕವಾಗಿ ಕಾಪಾಡಿದ್ದಾರೆ. ಬಾಗಿಲು ತೆರೆದ ಹಳೆಯ ಮನೆಯೊಂದನ್ನು ಕಂಡು ಮನಸ್ಸಿಗೆ ಹಿತವಾಯಿತು. ಸಂಜೆ ರತ್ನಾಗಿರಿ. ಅಲ್ಲಿ ಬ್ರಹ್ಮದೇಶದ ಕೊನೆಯ ದೊರೆ ಥೀಬಾನ ಅರಮನೆಯಿದೆ. ಇಂಗ್ಲಿಷರು ರಾಜ್ಯ ಕಸಿದು 1886ರಲ್ಲಿ ಅವನನ್ನು ಇಲ್ಲಿಗೆ ತಂದಿಟ್ಟರು. 1916ರಲ್ಲಿ ಇಲ್ಲಿಯೇ ತೀರಿಕೊಂಡ. ಮೂವತ್ತು ವರ್ಷ ಕಡಲನ್ನು ನೋಡುತ್ತ ಕುಳಿತ ಅರಸನಿಗೆ ತನ್ನ ಊರನ್ನು ಮತ್ತೊಮ್ಮೆ ನೋಡಲು ಅಪ್ಪಣೆ ಸಿಗಲಿಲ್ಲ. ನಮಗೆ ಹಾಗೆ ಯಾರು ತಡೆದಿದ್ದಾರೆ? ಮಧ್ಯಾಹ್ನ ಕುರ್ಲಾದಲ್ಲಿ ಮತ್ಸ್ಯಗಂಧಾ ಹತ್ತಿದರೆ ಬೆಳಗಾಗುವುದರೊಳಗೆ ಹೊನ್ನಾವರ. ಹೀಗಿದ್ದೂ ಒಂಬತ್ತು ವರ್ಷ!

ಸೈಕಲ್ಲುಗಳು ಟೆಂಪೊದಲ್ಲಿ ಹಿಂದಿರುಗಿದವು, ನಾವು ರೈಲಿನಲ್ಲಿ. ಕೊಂಕಣ ರೈಲು ಪೂರ್ತಿಯಾಗಿ ತೆರೆದದ್ದು 1998ರ ಜನವರಿಯಲ್ಲಿ. ಅದರ ದಾರಿಯಲ್ಲಿ 90ಕ್ಕೂ ಹೆಚ್ಚು ಸುರಂಗಗಳಿವೆ. ಐದು ದಿನ ಏರಿ ಇಳಿದ ನಾಡು ಕಿಟಕಿಯಾಚೆ ಕತ್ತಲೆ, ಬೆಳಕು, ಕತ್ತಲೆ ಎಂದು ಸರಿದುಹೋಯಿತು. ಬೀಗ ಹಾಕಿದ ಮನೆ ಒಂದೂ ಕಾಣಲಿಲ್ಲ. ವರ್ಷ ವರ್ಷ ನಾವು ಊರಿನ ಕಡೆ ಹೋದಾಗಲೂ ಹೀಗೆಯೇ ಹೋಗಿದ್ದೆವು.

ಜಗತ್ತಿನಲ್ಲಿ ಇಂಥ ಕರಾವಳಿ ಬೇರೆಯೂ ಇವೆ. ಐರ್ಲೆಂಡಿನ ಪಶ್ಚಿಮ ದಡದ ಸುಮಾರು 2500 ಕಿಲೋಮೀಟರಿನ ದಾರಿಗೆ 2014ರಲ್ಲಿ ಹೆಸರಿಟ್ಟು ಪ್ರವಾಸಿಗರನ್ನು ಕರೆಯಲು ತೊಡಗಿದರು. ಅಲ್ಲಿಯೂ ಸೈಕಲ್ ಸವಾರರು ಹೋಗುತ್ತಾರೆ. 1845ರಿಂದ ಆಲೂಗಡ್ಡೆಯ ಬೆಳೆ ನಾಶವಾಗಿ ಬಿದ್ದ ಬರಗಾಲದಲ್ಲಿ ಆ ದಡದ ಜನ ಹಡಗು ಹತ್ತಿ ಅಮೆರಿಕಕ್ಕೆ ಹೋದರು. ಅವರ ಮೊಮ್ಮಕ್ಕಳ ಮಕ್ಕಳು ಇಂದು ಮುತ್ತಜ್ಜನ ಮನೆಯ ಗೋಡೆಯಾದರೂ ಉಳಿದಿದೆಯೇ ಎಂದು ಹುಡುಕಿಕೊಂಡು ಬರುತ್ತಾರಂತೆ. ನಮಗೆ ಗೋಡೆಯೂ ಇದೆ, ಅರ್ಧ ಮಾಡೂ ಇದೆ.

ಮನೆಗೆ ಬಂದ ರಾತ್ರಿ ಖಾನೆಯಿಂದ ಕಾಗದ ತೆಗೆದು ಅಪ್ಪಯ್ಯನ ಮುಂದೆ ಇಟ್ಟೆವು. "ನೀವು ಇಷ್ಟು ಬೇಗ ಸಹಿ ಹಾಕಿದ್ದು ಯಾಕೆ?" ಎಂದು ಕೇಳಿದೆವು. ಅವರು ಕನ್ನಡಕ ತೆಗೆದು ಒರೆಸಿದರು.

"ನಿನಗೆ ಹೊರೆ ಆಗಬಾರದು ಅಂತ. ನನ್ನ ಕಾಲಿಗೆ ಆ ಅಂಗಳ ಇನ್ನು ಆಗೂದಿಲ್ಲ. ನಿನಗೆ ಆ ಊರಿನ ಆಸೆ ಇಲ್ಲ ಅಂತ ಮಾಡಿದ್ದೆ. ನೀ ಒಂದು ದಿನ ಕೇಳಿದ್ದಿಲ್ಲ."

ಸ್ವಲ್ಪ ಹೊತ್ತಿನ ಮೇಲೆ ಅವರೇ ಮುಂದುವರಿಸಿದರು. "ಬಚ್ಚಲ ಮನೆ ಬದಿಯ ಮೂಲೆಯಲ್ಲಿ ಮೊದಲಿಂದಲೂ ಸೋರುತ್ತಿತ್ತು. ಪ್ರತಿ ವರ್ಷ ಮಳೆಗಾಲದ ಮುಂಚೆ ಅಜ್ಜ ರಜೆ ಹಾಕಿ ಹೋಗಿ, ಹಂಚು ಕೈಯಾಡಿಸಿ ಬರ್ತಿದ್ದರು. ನಾ ಕೆಳಗೆ ನಿಂತು ಹಂಚು ಎತ್ತಿ ಕೊಡೂದು." ಅವರು ಕೈ ಮೇಲೆತ್ತಿ ತೋರಿಸಿದರು. ಆ ಕೈಯಲ್ಲಿ ಹಂಚು ಇದ್ದಂತೆಯೇ ಕಂಡಿತು. ಅವರಿಗೆ ಆಸೆಯಿಲ್ಲವೆಂದು ನಾವು, ನಮಗಿಲ್ಲವೆಂದು ಅವರು ತಿಳಿದು, ಒಂದು ಮನೆಯನ್ನು ಕಳೆದುಕೊಳ್ಳುವ ಹಂತಕ್ಕೆ ಬಂದಿದ್ದೆವು.

ಮರುದಿನ ಅಣ್ಣನಿಗೆ ಫೋನು ಮಾಡಿದೆವು. ಸಹಿ ಈಗ ಹಾಕುವುದಿಲ್ಲ, ಹಂಚಿನ ಖರ್ಚಿನಲ್ಲಿ ನಮ್ಮ ಪಾಲು ಕಳಿಸುತ್ತೇವೆ ಎಂದೆವು. ಅಣ್ಣ ಸಿಟ್ಟಾಗಬಹುದೆಂದು ಅಂಜಿದ್ದೆವು. ಅವನು ನಕ್ಕುಬಿಟ್ಟ. "ದುಡ್ಡು ಆಮೇಲೆ ಮಾರಾಯ, ಮೊದಲು ನೀವು ಬನ್ನಿ. ಇಷ್ಟು ವರ್ಷ ಒಬ್ಬನೇ ಬಾಗಿಲು ತೆಗೆದು ನೋಡಿ ನೋಡಿ ನನಗೂ ಸಾಕಾಗಿತ್ತು." ಬೀಗದಕೈ ಅವನ ಬಳಿಯೇ ಇತ್ತು. ಅದನ್ನು ಹೊತ್ತ ಭಾರವೂ ಅವನ ಮೇಲೆಯೇ ಇತ್ತು ಎಂಬುದು ನಮಗೆ ಆಗ ಹೊಳೆಯಿತು.

ಮೇ ತಿಂಗಳಿಗೆ ಮೂರು ಟಿಕೆಟು ತೆಗೆಸಿದ್ದೇವೆ. ಮುಂದೆ ಆ ಮನೆಯನ್ನು ಮಾರಬೇಕಾಗಿ ಬಂದರೂ ಬರಬಹುದು. ಗುಮಾಸ್ತನ ಪಗಾರದಲ್ಲಿ ಎರಡು ಮಾಡು ಕಾಯುವುದು ಸುಲಭವಲ್ಲ. ಆದರೆ ನೋಡದೆ ಮಾರುವುದಿಲ್ಲ.

ಸೈಕಲ್ ಸವಾರಿಗೆ ಮನಸ್ಸಿರುವ ಓದುಗರಿಗೆ ಎರಡು ಮಾತು: ನವೆಂಬರಿನಿಂದ ಫೆಬ್ರವರಿಯೊಳಗೆ ಹೋಗಿ, ಬೆಳಗಿನ ಆರಕ್ಕೆ ಹೊರಡಿ, ಹೆಲ್ಮೆಟ್ಟು, ನೀರು, ಉಪ್ಪು ಸಕ್ಕರೆಯ ಪುಡಿ ಮರೆಯಬೇಡಿ, ಒಂದು ತಿಂಗಳಾದರೂ ಮೊದಲೇ ಕಾಲು ಪಳಗಿಸಿ. ಹೋಗಲಾಗದವರಿಗೆ ಒಂದೇ ಮಾತು: ನಿಮ್ಮ ಊರ ಮನೆಯ ಬೀಗದಕೈ ಯಾರ ಬಳಿ ಇದೆ ಎಂದು ಈ ಭಾನುವಾರ ವಿಚಾರಿಸಿ. ಇಟ್ಟುಕೊಂಡವರಿಗೆ ಒಂದು ಫೋನಾದರೂ ಮಾಡಿ.

ಡಾಕ್ಟರರು ಸಕ್ಕರೆ ಇಳಿದಿದೆ ಎಂದಿದ್ದಾರೆ. ಮೊಣಕಾಲಿನ ಮಾತು ಮುಂದಿನ ಸಂಚಿಕೆಗೆ.